ಸರಗೂರಿನ ಫೋನಿಗೆ ಬರುತ್ತಿದ್ದ ಅತ್ತೆ

ಇವತ್ತು ಬೆಳಿಗ್ಗೆ ನಾನೇ ಒಂದು ಅಂಗಿ ಒಗೆದೆ. ನಮ್ಮ ಮನೆಯಲ್ಲಿ ಇದು ಸಣ್ಣ ಸುದ್ದಿಯಲ್ಲ. ನನ್ನ ಹೆಂಡತಿ ಸುಮ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಒಂದು ಕಾಲಕ್ಕೆ ಬಿಳಿಯಾಗಿದ್ದ ಅಂಗಿ ಅದು. ಹುಣಸೂರಿನ ಬೋರ್‌ವೆಲ್ ನೀರು ಅದಕ್ಕೆ ತೆಳು ಚಹಾದ ಬಣ್ಣ ಕೊಟ್ಟಿದೆ. ಎಡತೋಳಿನ ಮೇಲೆ, ಮೊಣಕೈಗಿಂತ ತುಸು ಕೆಳಗೆ, ನೇರಳೆ ಬಣ್ಣದ ಒಂದು ಹೆಬ್ಬೆಟ್ಟಿನ ಗುರುತಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಆ ಜಾಗವನ್ನು ಉಜ್ಜುವುದೇ ಇಲ್ಲ.

"ಸ್ಕೂಟರ್ ಒರೆಸೋಕೆ ಆಗುತ್ತೆ, ಕೊಡ್ರೀ" ಎಂದು ಸುಮ ಬಹಳ ದಿನ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಗುರುತು ನಮ್ಮ ಮಾದೇವಮ್ಮತ್ತೆಯದು. ನನ್ನ ತಂದೆಯ ಅಕ್ಕ. ಕಂಪಲಾಪುರಕ್ಕೆ ಕೊಟ್ಟಿದ್ದ ಹೆಣ್ಣು. ಇದು ಅವರ ಹೆಬ್ಬೆಟ್ಟೇ ಹೌದು ಎಂದು ನಾನು ಆಣೆ ಮಾಡಿ ಹೇಳಬಲ್ಲೆನೇ ಎಂದು ಕೇಳಿದರೆ, ತುಸು ಯೋಚಿಸುತ್ತೇನೆ. ಅದು ನನ್ನ ರೋಗ.

ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ನಾನು ಮೊದಲು ತತ್ವಶಾಸ್ತ್ರ ಓದಿದೆ. ಅರ್ಧದಲ್ಲಿ ಬೇಸರವಾಗಿ ಇತಿಹಾಸಕ್ಕೆ ಹಾರಿದೆ. ಜನ ಬಾಯಲ್ಲಿ ಹೇಳುವ ಹಳೆಯ ನೆನಪುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ವಿಷಯದ ಮೇಲೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದೆ. ಎಷ್ಟೋ ಊರು ಸುತ್ತಿ, ಎಷ್ಟೋ ಮುದುಕರನ್ನು ಮಾತಾಡಿಸಿ, ನಂಬಲಾಗದು ಎಂಬ ತೀರ್ಮಾನಕ್ಕೆ ಬಂದೆ. ಆಮೇಲೆ ಬರೆಯಲು ಏನೂ ಉಳಿಯಲಿಲ್ಲ. ಕೆ.ಆರ್. ನಗರದ ಒಂದು ಖಾಸಗಿ ಕಾಲೇಜಿಗೆ ಸೇರಿದೆ, ಬಿಟ್ಟೆ. ಹುಣಸೂರಿಗೆ ಬಂದೆ. ಬಾಡಿಗೆ ಮನೆಗಳು, ದಿನಪತ್ರಿಕೆಗಳು, ಸೋಪು, ರಾಜಕೀಯ ಅಭಿಪ್ರಾಯ, ಎಲ್ಲವನ್ನೂ ಬದಲಿಸಿದ್ದೇನೆ. ಆದರೆ ನನ್ನ ಬ್ಯಾಂಕ್ ಖಾತೆ ಇವತ್ತಿಗೂ ಕೆ.ಆರ್. ನಗರದಲ್ಲೇ ಇದೆ. ಆ ಕಾಲೇಜು ಮುಚ್ಚಿಹೋಗಿದೆ, ಆ ಬ್ಯಾಂಕಿನ ಹೆಸರೂ ಬದಲಾಗಿದೆ, ನನ್ನ ಖಾತೆ ಮಾತ್ರ ಅಲ್ಲೇ ಕೂತಿದೆ. ಬದಲಿಸಬೇಕು ಎಂದುಕೊಂಡಾಗೆಲ್ಲ ಗ್ಯಾಸು, ವಿಮೆ, ಸಂಬಳ, ಕರೆಂಟು ಬಿಲ್ಲು ಎಲ್ಲವೂ ಅದಕ್ಕೆ ಸುತ್ತಿಕೊಂಡಿರುವುದು ನೆನಪಾಗಿ, ಇನ್ನೊಂದು ಲೋಟ ಕಾಫಿ ಕುಡಿದು ಸುಮ್ಮನಾಗುತ್ತೇನೆ.

ಇಂಥವನು ಅತ್ತೆಯ ಖಾತೆ ಬದಲಿಸಲು ಹೊರಟೆ.

ಅತ್ತೆಯ ಗಂಡ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಅವರು ಹೋದ ಮೇಲೆ ಅತ್ತೆಗೆ ಪಿಂಚಣಿ ಬರುತ್ತಿತ್ತು. ಅತ್ತೆ ಇದ್ದದ್ದು ಮಗ ಚಂದ್ರುವಿನ ಮನೆಯಲ್ಲಿ, ಅವನ ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ತಿಂಗಳಿಗೊಮ್ಮೆ ತಾನೇ ಬ್ಯಾಂಕಿಗೆ ಹೋಗಿ, ತಾನೇ ಹೆಬ್ಬೆಟ್ಟು ಒತ್ತಿ, ತನ್ನ ಮಾತ್ರೆ ತಾನೇ ಕೊಂಡು, ಮೊಮ್ಮಗಳಿಗೆ ಒಂದು ಬನ್ನು ಕಟ್ಟಿಸಿಕೊಂಡು ಬರುವುದು ಅವರ ಪಾಲಿಗೆ ಬಹಳ ದೊಡ್ಡದಾಗಿತ್ತು. ಬ್ಯಾಂಕು ಕಂಪಲಾಪುರದಲ್ಲೇ ಇದ್ದಷ್ಟು ದಿನ ನಡೆಯಿತು. ಆ ಶಾಖೆಯನ್ನು ಪಿರಿಯಾಪಟ್ಟಣದ ಶಾಖೆಗೆ ಸೇರಿಸಿದರು. ಪಿರಿಯಾಪಟ್ಟಣದ್ದು ಮಹಡಿಯ ಮೇಲೆ. ಕಡಿದಾದ ಮೆಟ್ಟಿಲು, ಒಂದೇ ಕಡೆ ಕಂಬಿ. ಮೊದಲು ಬಸ್ಸು ಹತ್ತಬೇಕು, ಆಮೇಲೆ ಆ ಮೆಟ್ಟಿಲು ಹತ್ತಬೇಕು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಎರಡೂ ಆಗದಂತಾಯಿತು.

"ನಿಮ್ ಮಗ್ನೇ ತಂದ್ಕೊಡ್ತಾರೆ ಬುಡಿ" ಎಂದಳು ಸೊಸೆ.

"ಕಾರ್ಡ್ ಮಾಡಿಸಿಕೊಡ್ತೀನಿ ಬುಡವ್ವ" ಎಂದ ಚಂದ್ರು.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮಗ ತಂದುಕೊಟ್ಟರೆ ಅದು ಮಗ ಕೊಟ್ಟದ್ದಾಗುತ್ತದೆ ಎಂದು ಆಮೇಲೆ ನನ್ನೊಬ್ಬನ ಹತ್ತಿರವೇ ಹೇಳಿದರು.

ಅಷ್ಟರಲ್ಲಿ ಗಿರಣಿಯಿಂದ ನಾಲ್ಕು ಮಾರು ದೂರದಲ್ಲಿ ಇನ್ನೊಂದು ಬ್ಯಾಂಕು ಬಾಗಿಲು ತೆರೆಯಿತು. ನೆಲಮಟ್ಟದಲ್ಲೇ, ಗಾಜಿನ ಬಾಗಿಲು, ಒಳಗೆ ಕೂರಲು ಸೋಫಾ. ಅತ್ತೆ ವಾಕರ್ ಹಿಡಿದು ಹೋಗಿಬರಬಹುದು. ಇಷ್ಟವಿಲ್ಲದ ಅಂಗಡಿಯಿಂದ ಗ್ರಾಹಕ ಎದ್ದು ಪಕ್ಕದ ಅಂಗಡಿಗೆ ನಡೆದುಹೋಗಬಹುದು, ಪೇಟೆಯ ದೊಡ್ಡ ಗುಣವೇ ಅದು ಎಂದು ನಮಗೆ ಒಬ್ಬ ಮೇಷ್ಟರು ಪಾಠ ಹೇಳಿದ್ದರು. ಅವರ ಗ್ರಾಹಕನಿಗೆ ಸೊಂಟ ಗಟ್ಟಿಯಿತ್ತು ಎಂದು ಕಾಣುತ್ತದೆ.

"ಭಾವ, ನೀವು ಓದಿದೋರು. ನೀವೇ ಒಸಿ ನೋಡಿ" ಎಂದ ಚಂದ್ರು. ಓದಿದವರ ತಲೆಗೆ ಕೆಲಸ ಕಟ್ಟುವ ಕ್ರಮ ಇದು. ನಾನು ಹಿಗ್ಗಿ ಒಪ್ಪಿಕೊಂಡೆ.

ಹೊಸ ಬ್ಯಾಂಕಿನವರು ಖಾತೆ ತೆರೆದದ್ದು ನೋಡಿ ನನಗೆ ಆಶ್ಚರ್ಯವಾಯಿತು. ನೀರು ಕೊಟ್ಟರು. ಬೆರಳಚ್ಚಿನ ಯಂತ್ರ ಹಿಡಿಯದಿದ್ದಾಗ ಕಣ್ಣಿನ ಯಂತ್ರ ತಂದರು. "ಕಣ್ಣಿಗೆ ಪೊರೆ ಬಂದದೆ ಕಣಪ್ಪ, ಏನ್ ಕಂಡಾತು ಅದ್ಕೆ?" ಎಂದರು ಅತ್ತೆ. ಯಂತ್ರಕ್ಕೆ ಏನೋ ಕಂಡಿತು. ಮೊಬೈಲ್ ನಂಬರ್ ಕೇಳಿದಾಗ ನನ್ನದನ್ನು ಕೊಟ್ಟೆ. ಇನ್ನು ಹಳೆಯ ಬ್ಯಾಂಕಿನಲ್ಲಿ ಪಿಂಚಣಿಯನ್ನು ಇತ್ತ ಕಳಿಸಲು ಒಂದು ಒಪ್ಪಿಗೆ ಕೊಟ್ಟು, ಖಾತೆ ಮುಚ್ಚಿಸಿದರೆ ಆಯಿತು ಎಂದರು.

ಚಂದ್ರುವಿನ ಗೂಡ್ಸ್ ಆಟೋದಲ್ಲಿ ಅತ್ತೆಯನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದೆವು. ಕೌಂಟರಿನಲ್ಲಿ ಕೇರಳದ ಬತ್ತೇರಿ ಕಡೆಯ ಒಬ್ಬ ಹುಡುಗಿ ಇದ್ದಳು. ಮಲಯಾಳದ ಎಳೆತದಲ್ಲಿ ಕನ್ನಡ ಆಡುತ್ತಿದ್ದಳು. ಒಳ್ಳೆಯವಳು.

"ಅಮ್ಮಾ, ಬೆರಳು ಇಡಿ."

ಅತ್ತೆ ಇಟ್ಟರು. ಕೆಂಪು ದೀಪ. ಬೇರೆ ಬೆರಳು. ಕೆಂಪು ದೀಪ. ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡಿಕೊಂಡು ಇಟ್ಟರು. ಅದಕ್ಕೂ ಕೆಂಪು ದೀಪ. ಕಣ್ಣಿನ ಯಂತ್ರ ಈ ಬ್ಯಾಂಕಿನಲ್ಲಿ ಇರಲಿಲ್ಲ.

"ಸೊಪ್ಪು ಕಟ್ಟಿ ಕಟ್ಟಿ ಸವೆದೋಗದೆ ಕಣವ್ವ" ಎಂದರು ಅತ್ತೆ.

ಸೊಪ್ಪು ಎಂದರೆ ಹೊಗೆಸೊಪ್ಪು. ಹಸಿ ಎಲೆಯನ್ನು ಕಡ್ಡಿಗೆ ಪೋಣಿಸಿ ಕಟ್ಟುವಾಗ ಅಂಟು ಬೆರಳಿಗೆ ಹಿಡಿದು ಕಪ್ಪಾಗುತ್ತಿತ್ತು. ಅದನ್ನು ಕಲ್ಲಿಗೆ ತಿಕ್ಕಿ ತೊಳೆಯುತ್ತಿದ್ದರು. ನನಗೆ ಆ ಕಾಲ ಚೆನ್ನಾಗಿ ನೆನಪಿದೆ ಎಂದು ನಾನು ತಿಳಿದಿದ್ದೆ. ಬೇಸಗೆ ಕಳೆದು ಮಳೆ ಹಿಡಿದ ಮೇಲೆ ಕಂಪಲಾಪುರಕ್ಕೆ ಹೋದರೆ, ಅತ್ತೆಯ ಬ್ಯಾರನ್ನಿನ ಮುಂದೆ ಕೂರುತ್ತಿದ್ದೆ. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಮನೆ. ಅದರ ಒಲೆಯ ಬಾಯಲ್ಲಿ ಅತ್ತೆ ಗೆಣಸು ಸುಟ್ಟುಕೊಡುತ್ತಿದ್ದರು. ಸಿಹಿಯೂ ಘಾಟೂ ಸೇರಿದ ಒಂದು ವಾಸನೆ ಬಟ್ಟೆಯಲ್ಲೆಲ್ಲ ತುಂಬಿಕೊಂಡು, ಶಾಲೆಗೆ ಮರಳಿದ ಮೇಲೂ ಕೆಲವು ದಿನ ಇರುತ್ತಿತ್ತು. ಇದನ್ನು ನಾನು ಒಮ್ಮೆ ಅತ್ತೆಯ ಮುಂದೆ ವರ್ಣಿಸಿದೆ.

"ನಮ್ಗೆಲ್ಲಿತ್ಲಾ ಬ್ಯಾರನ್ನು? ಅದು ಪಕ್ಕದ್ಮನೇರ್ದು. ನಾನು ಕೂಲಿಗೆ ಓಗ್ತಿದ್ದೆ. ಗೆಣಸು ನಾನು ಯಾವತ್ತೂ ಸುಟ್ಕೊಡ್ನಿಲ್ಲ. ನೀನೇ ಕದ್ದು ತಿಂತಿದ್ದೆ, ಅವ್ರು ನನ್ನ ಬೈಯೋರು."

ಇಷ್ಟು ವರ್ಷ ನಾನು ಬೆಚ್ಚಗೆ ಕೂತಿದ್ದ ನೆನಪು ಅದು.

ಇರಲಿ. ಬೆರಳು ಹಿಡಿಯದಿದ್ದರೆ ಓಟಿಪಿ ಇದೆಯಲ್ಲ ಎಂದಳು ಹುಡುಗಿ. ಖಾತೆಗೆ ಕೊಟ್ಟಿರುವ ಮೊಬೈಲಿಗೆ ಸಂಖ್ಯೆ ಬರುತ್ತದೆ, ಹೇಳಿದರೆ ಸಾಕು. ನಾನು ಜೇಬಿನಿಂದ ಫೋನ್ ತೆಗೆದು ಹಿಡಿದೆ. ಆ ಹಳೆಯ ಖಾತೆ ತೆರೆದ ದಿನ ಊರಿನ ಡೈರಿ ಮುಂದೆ ಬ್ಯಾಂಕಿನವರು ಶಾಮಿಯಾನ ಹಾಕಿದ್ದರು, ಅಲ್ಲಿ ಅತ್ತೆಯ ಪಕ್ಕ ನಾನೇ ಕೂತು ನನ್ನ ನಂಬರ್ ಬರೆದಿದ್ದೆ. ಆ ಶಾಮಿಯಾನದ ನೀಲಿ ಪಟ್ಟೆ ಕೂಡ ನನಗೆ ನೆನಪಿತ್ತು.

ಫೋನಿಗೆ ಏನೂ ಬರಲಿಲ್ಲ.

"ಕೊನೆಯಲ್ಲಿ ಏಳು ಏಳು ಇದೆ. ನಿಮ್ಮದು ಅಲ್ಲವೇ?" ಎಂದಳು ಹುಡುಗಿ.

ನನ್ನದಲ್ಲ. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

"ನೀನೆಲ್ ಬಂದಿದ್ದೆ ಆವತ್ತು? ಫೋನ್ ಇದ್ದೋನು ಡೈರಿ ಸಿದ್ದಪ್ಪ ಒಬ್ನೇಯ. ಇಡೀ ಬೀದಿಯೋರು ಅವ್ನ ನಂಬರೇ ಬರೆಸಿದ್ದು."

ನಮ್ಮ ಕಡೆಯವರಷ್ಟೇ ಮಾಡಬಲ್ಲ ಕೆಲಸ ಇದು. ನಂಬರ್ ಕೇಳಿದರು, ನಂಬರ್ ಕೊಟ್ಟರು. ಯಾರದ್ದಾದರೇನು, ಸಿದ್ದಪ್ಪ ನಮ್ಮವನೇ, ಏನಾದರೂ ಬಂದರೆ ಹಾಲು ಅಳೆಯುವಾಗ ಹೇಳುತ್ತಾನೆ. ಮೊದಮೊದಲು ಅವನು ಹೇಳುತ್ತಲೂ ಇದ್ದನಂತೆ. ಹಾಲಿನ ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ, "ಮಾದೇವಕ್ಕ, ನಿನ್ ಗಂಡ ಕಾಸು ಕಳ್ಸವ್ನೆ" ಎಂದು ಕೂಗುತ್ತಿದ್ದನಂತೆ. ಗಂಡ ಹೋದ ಮೇಲೆ ಬರುವ ಪಿಂಚಣಿಗೆ ಅವನ ತಮಾಷೆ ಅದು. ಅತ್ತೆಯೂ ನಗುತ್ತಿದ್ದರಂತೆ. ಸಿದ್ದಪ್ಪ ತೀರಿಕೊಂಡ. ಆ ನಂಬರನ್ನು ಯಾರೂ ನಡೆಸಲಿಲ್ಲ. ಕಂಪನಿಯವರು ಅದನ್ನು ಬೇರೆ ಯಾರಿಗೋ ಮಾರಿಕೊಂಡರು. ಬೀದಿಯ ಜನ ಒಬ್ಬೊಬ್ಬರಾಗಿ ತಂತಮ್ಮ ನಂಬರ್ ಹಾಕಿಸಿಕೊಂಡರು. ಅತ್ತೆಯದು ಹಾಗೆಯೇ ಉಳಿಯಿತು.

ನಂಬರ್ ಬದಲಿಸಬೇಕಾದರೆ ಹಳೆಯ ನಂಬರಿಗೆ ಬಂದ ಓಟಿಪಿ ಬೇಕು. ಇಲ್ಲವೇ ಬೆರಳು ಬೇಕು. ಎರಡೂ ಇಲ್ಲದಿದ್ದರೆ ಅರ್ಜಿ ಮೇಲಿನ ಕಚೇರಿಗೆ ಹೋಗಬೇಕು, ಅಲ್ಲಿಂದ ಯಾವಾಗ ಬರುತ್ತದೋ ತನಗೆ ಗೊತ್ತಿಲ್ಲ ಎಂದು ಹುಡುಗಿ ಪ್ರಾಮಾಣಿಕವಾಗಿ ಹೇಳಿದಳು. ಕುರ್ಚಿಯಲ್ಲಿ ಮತ್ತೆ ಮೆಟ್ಟಿಲು ಇಳಿದೆವು. ಅರ್ಧದಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನೋವಿಗೋ ನಾಚಿಕೆಗೋ ನಾನು ಕೇಳಲಿಲ್ಲ.

ಆ ನಂಬರಿಗೆ ಕರೆ ಮಾಡಿದೆ. ಹೆಂಗಸಿನ ದನಿ. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಯಾರ್ರೀ?"

ನಾನು ವಿವರಿಸಿದೆ. ಪಾಠ ಹೇಳಿ ಅಭ್ಯಾಸ, ಬಹಳ ಚೆನ್ನಾಗಿ ವಿವರಿಸಿದೆ. ಯಂತ್ರದ ಸದ್ದು ನಿಂತಿತು.

"ಓಟಿಪಿ ಯಾರ್ಗೂ ಏಳ್ಬೇಡಿ ಅಂತ ಟೀವಿಲಿ ಬತ್ತದೆ ಕಣ್ರೀ. ನಾನ್ ಏಳಾಕಿಲ್ಲ."

ಫೋನ್ ಇಟ್ಟಳು. ಮತ್ತೆ ಮಾಡಿದೆ.

"ಪೊಲೀಸ್ರಿಗೆ ಏಳ್ಬುಡ್ತೀನಿ ನೋಡಿ" ಎಂದಳು.

ಯಾರದೋ ಪಿಂಚಣಿಯ ಸಂದೇಶ ಇಷ್ಟು ವರ್ಷ ಯಾರಿಗೋ ಹೋಗುತ್ತಿದೆಯಲ್ಲ, ಆಕೆ ಎಂಥವಳೋ ಎಂದು ನಾನು ಅನುಮಾನಿಸುತ್ತಿದ್ದರೆ, ಕಳ್ಳನ ಜಾಗದಲ್ಲಿ ನಾನೇ ಕೂತಿದ್ದೆ. ಊರು ಯಾವುದೆಂದು ಮಾತ್ರ ಬೈಗುಳದ ನಡುವೆ ಬಾಯಿಬಿಟ್ಟಳು: "ಸರಗೂರ್ನೋರು ದಡ್ರು ಅನ್ಕಂಡ್ರಾ?"

ಮುಂದಿನ ಭಾನುವಾರ ಹುಣಸೂರಿನಿಂದ ಬಸ್ಸು ಹತ್ತಿ, ಎಚ್.ಡಿ. ಕೋಟೆಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಸರಗೂರಿಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಹೊಲಿಗೆ ಅಂಗಡಿಗಳು ಇದ್ದದ್ದೇ ಎರಡು. ಒಂದರಲ್ಲಿ ಗಂಡಸು. ಇನ್ನೊಂದರ ಕಿಟಕಿಯ ಸರಳಿಗೆ ದಾರ ಕಟ್ಟಿ ಒಂದು ಫೋನನ್ನು ತೂಗುಬಿಟ್ಟಿದ್ದರು. ನಾನು ಆ ನಂಬರ್ ಒತ್ತಿದೆ. ಕಿಟಕಿಯಲ್ಲಿ ನೇತಾಡುತ್ತಿದ್ದ ಫೋನು ಹೊಡೆದುಕೊಂಡಿತು. ಯಂತ್ರದ ಮುಂದಿದ್ದ ಹೆಂಗಸು ಬಟ್ಟೆ ಬಿಟ್ಟು ದಡಬಡಿಸಿ ಎದ್ದು ಬಂದಳು.

ಆಕೆಯ ಹೆಸರು ಸಾಕಮ್ಮ. ಸೀರೆಗೆ ಅಂಚುಪಟ್ಟಿ ಹೊಲಿಯುತ್ತಿದ್ದಳು. ನಾನು ನನ್ನ ಆಧಾರ್ ಕಾರ್ಡು, ಅತ್ತೆಯ ಪಾಸ್‌ಬುಕ್ಕು, ಎರಡನ್ನೂ ಮೇಜಿನ ಮೇಲಿಟ್ಟೆ. ಅವಳು ಮುಟ್ಟಲಿಲ್ಲ.

"ಇವೆಲ್ಲ ಯಾರ್ ಬೇಕಾದ್ರೂ ಮಾಡುಸ್ತಾರೆ. ಒಂದ್ ಏಳಿ. ಓದೊರ್ಸ ಶಿವರಾತ್ರಿ ಆದ್ಮೇಲೆ ಮಾದೇವಮ್ಮೋರು ಕಾಸೇ ತೆಗೀಲಿಲ್ವಲ್ಲ. ಬತ್ತಿತ್ತು, ತೆಗೀತಿರ್ನಿಲ್ಲ. ಯಾಕೆ?"

ಶಿವರಾತ್ರಿಗೂ ಅತ್ತೆಗೂ ಏನು ಸಂಬಂಧ ಎಂದು ಯೋಚಿಸುತ್ತ ನಿಂತೆ. ಕೊನೆಗೆ ಚಂದ್ರುವಿನ ಫೋನಿಗೆ ಮಾಡಿ ಅತ್ತೆಯ ಕೈಗೆ ಕೊಡಿಸಿ, ಅದನ್ನೇ ಕೇಳಿದೆ.

"ಸೊಂಟ ಮುರ್ಕಂಡು ಆಸ್ಪತ್ರೇಲಿ ಬಿದ್ದಿರ್ನಿಲ್ವೇನ್ಲಾ? ನೀನು ಬಂದು ಕಿತ್ತಳೆ ಕೊಟ್ಟೋದೆ. ಅದೂ ಮರ್ತೋಯ್ತಾ?"

ಸಾಕಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಅಯ್ಯೋ, ಸೊಂಟವಾ? ನಾನೇನೋ ಅಂದ್ಕಂಡು ಎದರ್ಕಂಡಿದ್ದೆ ಕಣವ್ವಾ!" ಎಂದಳು. ಆಮೇಲೆ ಇಬ್ಬರೂ ನನ್ನನ್ನು ಮರೆತರು. ಸೊಂಟಕ್ಕೆ ಯಾವ ಎಣ್ಣೆ, ಯಾರು ಪಟ್ಟು ಕಟ್ಟಿದರು, ಸೊಸೆ ಹೇಗೆ, ಎಲ್ಲ ಆಯಿತು. ನಾನು ಆಕೆಯ ಅಂಗಡಿಯ ಮುಂದೆ ನಿಂತು ಬಾಳೆಹಣ್ಣು ತಿಂದೆ.

ಫೋನ್ ಕೊಟ್ಟ ಮೇಲೆ ಸಾಕಮ್ಮ ಹೇಳಿದಳು: "ಸಿಮ್ ತಕಂಡ ಒಸ್ತರಲ್ಲಿ ಎಷ್ಟ್ ಜನದ್ ಬತ್ತಿತ್ತು ಅಂತೀರಿ! ಚಿಕ್ಕಮ್ಮ, ರಾಜಮ್ಮ, ಅದ್ಯಾವ್ದೋ ಕಾಳಪ್ಪ. ಇಂಗ್ಲಿಷು ಕೂಡ್ಸಿ ಕೂಡ್ಸಿ ಓದ್ತಿದ್ದೆ. ಮೊದ್ಲು ಕಿರಿಕಿರಿ ಆಗದು. ಆಮೇಲೆ ಒಬ್ಬೊಬ್ರೇ ನಿಂತೋದ್ರು. ಸತ್ರೋ, ಬ್ಯಾಂಕ್ ಬದ್ಲಾಯಿಸ್ಕಂಡ್ರೋ, ನಂಗೆಂಗ್ ಗೊತ್ತಾಗ್ಬೇಕು? ಎಲ್ಡೂ ಒಂದೇ ತರ ಅಲ್ವಾ ಇಲ್ಲಿಗೆ. ಕೊನೇಗೆ ಉಳ್ದಿದ್ದು ಈಯಮ್ಮ ಒಬ್ರೇಯ."

ನಾನು ಸುಮ್ಮನಿರಲಾರದೆ, ಫೋನನ್ನು ಹೀಗೆ ಕಿಟಕಿಗೆ ಕಟ್ಟುವ ಬದಲು ಬೇರೆ ಕಂಪನಿಗೆ ಹೋಗಬಹುದಲ್ಲ, ನಂಬರ್ ಅದೇ ಇರುತ್ತದೆ, ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು ಸಲಹೆ ಕೊಟ್ಟೆ.

"ಅಂಗ್ ಮಾಡುದ್ರೆ ಒಂದೆರಡ್ ದಿನ ಫೋನ್ ಸತ್ತಿರ್ತದಂತೆ. ನಮ್ಮನೇರು ಶುಂಠಿ ಕೆಲ್ಸಕ್ಕೆ ಅಂತ ಕೇರಳಕ್ಕೆ ಓದೋರು. ಅವ್ರಿಗೆ ಗೊತ್ತಿರೋದು ಇದೊಂದೇ ನಂಬ್ರು. ಆ ಎರಡ್ ದಿನ್ದಲ್ಲೇ ಅವ್ರು ಮಾಡ್ಬುಟ್ರೆ?"

ಹೋಗಿ ಎಷ್ಟು ಕಾಲವಾಯಿತು ಎಂದು ಕೇಳುವ ಬದಲು ಕಿಟಕಿಯ ದಾರ ನೋಡಿದೆ. ಅವಳು ಯಂತ್ರದ ಚಕ್ರ ತಿರುಗಿಸಿದಳು. "ತಪ್ದಂಗೆ ಬರೋರು ಮಾದೇವಮ್ಮೋರು ಒಬ್ರೇ" ಎಂದಳು, ತಲೆ ಎತ್ತದೆ.

ಬ್ಯಾಂಕಿಗೆ ಹೋಗುವ ದಿನ ಗೊತ್ತಾಯಿತು. ಅವತ್ತು ಸಾಕಮ್ಮ ಅಂಗಡಿ ಬಿಟ್ಟು ಕದಲುವುದಿಲ್ಲವೆಂದು ಮಾತು ಕೊಟ್ಟಳು. ಅತ್ತೆ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಆಟೋದಲ್ಲಿ ಕೂತರು. ನಾನು ಆ ಬಿಳಿ ಅಂಗಿ ಹಾಕಿಕೊಂಡಿದ್ದೆ. ಮತ್ತೆ ಕುರ್ಚಿ, ಮತ್ತೆ ಮೆಟ್ಟಿಲು. ಅರ್ಜಿಗೆ ಅತ್ತೆಯ ಹೆಬ್ಬೆಟ್ಟನ್ನು ನೇರಳೆ ಶಾಯಿಯಲ್ಲಿ ಒತ್ತಿಸಿದರು. ಹುಡುಗಿ ಗುಂಡಿ ಒತ್ತಿದಳು. ಚಂದ್ರುವಿನ ಫೋನಿನಲ್ಲಿ ಸಾಕಮ್ಮ ಇದ್ದಳು, ದನಿ ಜೋರಾಗಿ ಎಲ್ಲರಿಗೂ ಕೇಳುವಂತೆ ಕೌಂಟರಿನ ಮೇಲಿಟ್ಟಿದ್ದೆವು.

"ಬಂದಿಲ್ಲ ಕಣ್ರೀ."

ಕಾದೆವು. ಹೊತ್ತು ಮೀರಿತು. ಇನ್ನೊಮ್ಮೆ ಒತ್ತಿದಳು. ಬರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಯಾರೋ, "ಅಜ್ಜಿ, ನಾಳಿಕ್ ಬರ್ಬಾರ್ದಾ?" ಎಂದ. ಅತ್ತೆ ತಿರುಗಿ, "ನಾಳಿಕ್ಕೆ ನೀನೇ ಒತ್ಕಂಡ್ ಬತ್ತೀಯಾ ನನ್ನ?" ಎಂದರು. ಸಾಲು ನಕ್ಕಿತು.

"ಇರಿ, ಕಿಟಕಿಯಿಂದ ಆಚೀಕ್ ಇಡೀತೀನಿ" ಎಂದಳು ಸಾಕಮ್ಮ. ಗರಗರ ಸದ್ದು. "ಆಂ, ಬಂತು, ಬಂತು!"

ಒಂದೊಂದೇ ಅಂಕಿ ಹೇಳತೊಡಗಿದಳು. ಹುಡುಗಿ ಒತ್ತುತ್ತ ಹೋದಳು. ಕೊನೆಯ ಅಂಕಿಯ ಹೊತ್ತಿಗೆ ದನಿ ನಿಂತಿತು. ಸಿಗ್ನಲ್ ಹೋಯಿತು ಎಂದುಕೊಂಡೆವು.

"ಮಾದೇವಮ್ಮೋರೇ" ಎಂದಳು ಸಾಕಮ್ಮ. "ಇನ್ಮೇಲೆ ನಿಮ್ದು ಬರಾಕಿಲ್ಲ ಅಲ್ವಾ?"

ಪರದೆಯ ಮೇಲೆ ಓಟಿಪಿಯ ಹೊತ್ತು ಇಳಿಯುತ್ತಿತ್ತು. ಹುಡುಗಿ ನನ್ನ ಮುಖ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಫೋನಿನ ಮೇಲೆ ಬಗ್ಗಿದರು. "ಬರಾಕಿಲ್ಲ ಕಣವ್ವ" ಎಂದರು. ಆಮೇಲೆ, "ಸೊಂಟ ಸರಿಯಿದ್ದಿದ್ರೆ ಇಲ್ಲೇ ಬುಟ್ಟಿರ್ತಿದ್ದೆ. ಮೆಟ್ಲು ಅತ್ತಾಕಾಗಾಕಿಲ್ಲ" ಎಂದರು. ತಪ್ಪು ಮಾಡಿದವರ ಹಾಗೆ.

"ಅಯ್ಯೋ, ಅದ್ಕೇನು. ಬರ್ಕೊಳ್ಳಿ" ಎಂದು ಸಾಕಮ್ಮ ಕೊನೆಯ ಅಂಕಿ ಹೇಳಿದಳು.

ಕೆಲಸ ಆಯಿತು. ಇಳಿಯುವಾಗ ಅತ್ತೆ ಕುರ್ಚಿ ಬೇಡ ಎಂದರು. ಕಂಬಿ ಒಂದು ಕೈಯಲ್ಲಿ, ನನ್ನ ತೋಳು ಇನ್ನೊಂದು ಕೈಯಲ್ಲಿ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಇಳಿದರು. ಶಾಯಿ ಒರೆಸಿಕೊಂಡಿರಲಿಲ್ಲ. ಮನೆಗೆ ಬಂದು ನೋಡಿದರೆ ತೋಳಿನ ಮೇಲೆ ಅಚ್ಚು ಬಿದ್ದಿತ್ತು. ಯಂತ್ರಕ್ಕೆ ಎಷ್ಟು ಸಲ ಒತ್ತಿದರೂ ಸಿಗದ ಗೆರೆಗಳು ಬಟ್ಟೆಯಲ್ಲಿ ಅಲ್ಲಲ್ಲಿ ಕಾಣುತ್ತವೆ. ಅವು ಗೆರೆಗಳೋ ನೂಲಿನ ಎಳೆಗಳೋ, ಬೆಳಕಿಗೆ ಹಿಡಿದಾಗೊಂದು ತರ ಅನ್ನಿಸುತ್ತದೆ, ಹಿಡಿಯದಾಗೊಂದು ತರ.

ಹೊಸ ಬ್ಯಾಂಕಿಗೆ ಅತ್ತೆ ವಾಕರ್ ಹಿಡಿದು ತಾವೇ ಹೋದರು. ಸೋಫಾದ ಮೇಲೆ ಕೂತು ನೀರು ಕುಡಿದು, ತಮ್ಮ ದುಡ್ಡು ತಾವೇ ತೆಗೆದುಕೊಂಡು, ಮೊಮ್ಮಗಳಿಗೆ ಬನ್ನು ತಂದರು. ಮುಂದಿನ ತಿಂಗಳೂ ಹೋದರು. ಸಂದೇಶ ಈಗ ನನ್ನ ಫೋನಿಗೆ ಬರುತ್ತಿತ್ತು. ಅದು ಬಂದ ದಿನವೇ ಸಾಕಮ್ಮನ ಕರೆಯೂ ಬರುತ್ತಿತ್ತು.

"ಸಾರ್, ಮಾದೇವಮ್ಮೋರ ಪಿಂಚಣಿ ಬಂತಾ?"

"ಬಂತು."

"ತೆಗುದ್ರಾ?"

"ತೆಗೆದರು."

"ಅಂಗಾರೆ ಸರಿ ಬುಡಿ."

ಅಷ್ಟೇ ಮಾತು. ಮೊದಲ ಸಲ ನನಗೆ ರೇಗಿತು. ಇದೇನು ಲೆಕ್ಕ ಒಪ್ಪಿಸುವುದು ಎನ್ನಿಸಿತು. ಆಮೇಲೆ ಸಂದೇಶ ಬಂದ ಕೂಡಲೇ ಚಂದ್ರುವಿಗೆ ಫೋನ್ ಮಾಡಿ, ಅತ್ತೆ ಬ್ಯಾಂಕಿಗೆ ಹೋದರೇ ಎಂದು ವಿಚಾರಿಸಿ ಇಟ್ಟುಕೊಳ್ಳತೊಡಗಿದೆ. ಕೇಳಿದರೆ ಉತ್ತರ ಇರಬೇಕಲ್ಲ. ಹಾಗೆ ನನ್ನ ಅತ್ತೆ ಹೇಗಿದ್ದಾರೆ ಎಂದು ತಿಂಗಳಿಗೊಮ್ಮೆಯಾದರೂ ನನಗೂ ತಿಳಿಯುತ್ತಿತ್ತು.

ಈ ಸಲ ಸೊಪ್ಪು ಬೇಯಿಸುವ ಕಾಲ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಅತ್ತೆ ಏಳಲಿಲ್ಲ. ಹೆಚ್ಚು ಕಷ್ಟಪಡಲಿಲ್ಲ ಎಂದು ಸೊಸೆ ಹೇಳಿದಳು. ಹೊಸ ಬ್ಯಾಂಕಿಗೆ ಅವರು ನಡೆದದ್ದು ಕೆಲವೇ ಸಲ. ಅಷ್ಟಕ್ಕೆ ಆ ಮೆಟ್ಟಿಲುಗಳನ್ನೆಲ್ಲ ಹತ್ತಿಸಿ ಇಳಿಸಿದೆನಲ್ಲ ಎಂದು ಒಮ್ಮೆ, ಅಷ್ಟಾದರೂ ನಡೆದರಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಯಾವುದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ತಿಥಿ ಮುಗಿಸಿ ಹುಣಸೂರಿಗೆ ಬಂದೆ. ಮರಣದ ಪತ್ರ ಇನ್ನೂ ಕೈಗೆ ಬಂದಿರಲಿಲ್ಲ, ಚಂದ್ರು ಬ್ಯಾಂಕಿಗೆ ಹೇಳಿರಲಿಲ್ಲ. ತಿಂಗಳ ಮೊದಲ ದಿನ ನನ್ನ ಫೋನು ಜೇಬಿನಲ್ಲಿ ಅದುರಿತು. ಮಾದೇವಮ್ಮನವರೇ, ನಿಮ್ಮ ಖಾತೆಗೆ ಪಿಂಚಣಿ ಜಮೆಯಾಗಿದೆ. ಅದನ್ನು ನೋಡುತ್ತ ಇನ್ನೂ ನಿಂತೇ ಇದ್ದೆ, ಸಾಕಮ್ಮನ ಕರೆ ಬಂತು.

"ಸಾರ್, ಮಾದೇವಮ್ಮೋರ ಪಿಂಚಣಿ ಬಂತಾ?"

"ಬಂತು" ಎಂದೆ.

ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ತೆಗೆದರೇ ಎಂದು ಅವಳು ಕೇಳಿದಳೋ ಇಲ್ಲವೋ ನನಗೆ ಈಗ ನೆನಪಾಗುತ್ತಿಲ್ಲ. ಕೇಳಲಿಲ್ಲ ಎಂದು ನಂಬಲು ನನಗೆ ಇಷ್ಟ. "ಅಂಗಾರೆ ಸರಿ ಬುಡಿ" ಎಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಆ ಪಿಂಚಣಿಯನ್ನು ಚಂದ್ರು ಮುಟ್ಟಲಿಲ್ಲ. ಪತ್ರ ಕೊಟ್ಟು ಬಂದ, ಇಲಾಖೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಖಾತೆ ಮುಚ್ಚಲು ಹೊಸ ಬ್ಯಾಂಕಿನವರು ಎರಡೇ ಸಹಿ ಕೇಳಿದರು. ಸತ್ತವರು ಬ್ಯಾಂಕು ಬಿಡುವುದು ಸುಲಭ.

ನಾಳೆ ಮತ್ತೆ ಒಂದನೇ ತಾರೀಖು. ನನ್ನ ಫೋನಿಗೆ ಏನೂ ಬರುವುದಿಲ್ಲ, ಸಾಕಮ್ಮನ ಕರೆ ಮಾತ್ರ ಬರುತ್ತದೆ. ಫೋನಿನಲ್ಲೇ ಹೇಳಿಬಿಡಬಹುದು. ಆದರೆ ಆ ಫೋನು ಕಿಟಕಿಗೆ ನೇತಾಡುವುದು ಬೇರೊಂದು ಸುದ್ದಿಗೆ ಕಾಯುತ್ತ. ಅದು ಹೊಡೆದುಕೊಂಡಾಗ ಅವಳು ಹೇಗೆ ಎದ್ದು ಹೋಗುತ್ತಾಳೆಂದು ನಾನು ಒಮ್ಮೆ ನೋಡಿದ್ದೇನೆ. ಅದರಲ್ಲಿ ಸಾವಿನ ಸುದ್ದಿ ಹೋಗುವುದು ಬೇಡ.

"ಕೋಟೆ ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ?" ಎಂದು ಸುಮಳನ್ನು ಕೇಳಿದೆ. ಅವಳು ಉತ್ತರ ಹೇಳುವ ಬದಲು ಹಿತ್ತಿಲಿಗೆ ಹೋಗಿ ಅಂಗಿಯನ್ನು ಮುಟ್ಟಿ ನೋಡಿದಳು.

"ಕಾಲರ್ ಇನ್ನೂ ಒದ್ದೆ ಇದೆ. ರಾತ್ರಿ ಫ್ಯಾನ್ ಕೆಳಗೆ ಹಾಕ್ತೀನಿ" ಎಂದಳು.